ಕಫೀಲನ ಕೈಯಲ್ಲಿ ನನ್ನ ಬಿಯರು

ನೀವು ನಂಬುವುದಿಲ್ಲ, ಬೇಕಾದರೆ ಬಾಜಿ ಕಟ್ಟುತ್ತೇನೆ. ಒಮಾನಿನ ನಿಜ್ವಾದಲ್ಲಿ, ಮಸೀದಿಯಿಂದ ಐದೇ ನಿಮಿಷ ದೂರದ ಫ್ಲ್ಯಾಟಿನ ಸ್ಟೋರ್ ರೂಮಿನಲ್ಲಿ ನಾನು ಲಾಗರ್ ಬಿಯರ್ ಮಾಡಿದ್ದೇನೆ. ಅದೂ ಎಂಥದ್ದು? ಗ್ಲಾಸಿನ ಆಚೆ ಬೆರಳು ಹಿಡಿದರೆ ಉಗುರಿನ ಗೆರೆ ಕಾಣುವಷ್ಟು ತಿಳಿ. ನಂಬದವರು ಇಲ್ಲಿಯೇ ಪುಟ ಮಗುಚಿ, ನನಗೇನೂ ನಷ್ಟವಿಲ್ಲ.

ನಾನು ಉಡುಪಿ ಕಡೆಯವನು, ಫ್ರಿಜ್ ಮೆಕ್ಯಾನಿಕ್. ಮೂವತ್ತು ವರ್ಷದಿಂದ ಗಲ್ಫಿನ ಸೆಕೆಯಲ್ಲಿ ತಂಪು ಮಾರಿ ಬದುಕಿದವನು. ಬೇರೆಯವರು ಮನೆಯಲ್ಲಿ ಕದ್ದು ಮಾಡುವುದೆಲ್ಲ ಹಳಸಿದ ಗಂಜಿತಿಳಿಯಂಥ ಸರಕು. ಲಾಗರಿಗೆ ವಾರಗಟ್ಟಲೆ ಚಳಿ ಬೇಕು, ಹತ್ತು ಹನ್ನೆರಡು ಡಿಗ್ರಿಯಿಂದ ಆಚೀಚೆ ಆಗಬಾರದು. ಹೊರಗೆ ನಲವತ್ತೈದು ಇರುವಾಗ ಅದನ್ನು ಸಾಧಿಸಲು ನನ್ನಂಥವನೇ ಹುಟ್ಟಿ ಬರಬೇಕು. ಗುಜರಿಗೆ ಹೊರಟಿದ್ದ ಫ್ರಿಜ್ಜೊಂದನ್ನು ಮನೆಗೆ ತಂದು, ಥರ್ಮೋಸ್ಟಾಟ್ ಬದಲಿಸಿ, ಒಳಗೆ ಬಿಯರಿನ ಡ್ರಮ್ ಇಟ್ಟೆ. ಮಸ್ಕತ್ತಿನ ಖುರುಮ್‌ಗೆ ಹೋಗಿ ಹೋಟೆಲಿನಲ್ಲಿ ಕುಡಿಯುವ ದುಡ್ಡಿನಲ್ಲಿ ನಮಗೆ ಒಂದು ವಾರದ ಮೀನು ಬರುತ್ತಿತ್ತು. ಉಳಿತಾಯದ ಹುಚ್ಚು ಹಿಡಿದದ್ದು ಹಾಗೆ.

ಹುಚ್ಚಿನ ಹಿಂದೆಯೇ ಹೆದರಿಕೆಯೂ ಬಂತು. ಡ್ರಮ್ಮಿನ ಪೈಪಿನಿಂದ ಗುಳುಗುಳು ಶಬ್ದ ಬಂದರೆ ಇಡೀ ಬಿಲ್ಡಿಂಗಿಗೆ ಕೇಳಿಸಿತು ಅನ್ನಿಸುತ್ತಿತ್ತು. ಲಿಫ್ಟ್ ನಮ್ಮ ಮಹಡಿಯಲ್ಲಿ ನಿಂತರೆ ಸ್ಟೋರ್ ರೂಮಿಗೆ ಚಿಲಕ ಹಾಕಲು ಓಡುತ್ತಿದ್ದೆ. ಸಿಕ್ಕಿಬಿದ್ದರೆ ಮೊದಲು ಜೈಲು, ಆಮೇಲೆ ವಿಮಾನ. ನನ್ನ ವೀಸಾದ ಮೇಲೆ ಹೆಂಡತಿಯ ವೀಸಾ ನಿಂತಿತ್ತು. ಅವಳು ಅಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಒಂದನೇ ಕ್ಲಾಸಿನ ಟೀಚರು. ಆ ಮಕ್ಕಳೆಂದರೆ ಅವಳಿಗೆ ಜೀವ.

"ನಿಮ್ಮ ಮಂಗಾಟದಿಂದ ನನ್ನ ಶಾಲೆ ತಪ್ಪಿದ್ರೆ ಉಂಟಲ್ಲ," ಅಂದಿದ್ದಳು, "ಊರಿಗೆ ಹೋಗುವ ಪ್ಲೇನಲ್ಲಿ ನಿಮ್ಮ ಹತ್ರ ಕೂತುಕೊಳ್ಳುದಿಲ್ಲ ನಾನು."

"ಹಾಗಾದ್ರೆ ವಿಂಡೋ ಸೀಟು ನಂಗೆ," ಅಂದೆ. ಬಾಯಿ ನಗುತ್ತಿತ್ತು, ಹೊಟ್ಟೆ ನಗುತ್ತಿರಲಿಲ್ಲ.

ಬಿಯರ್ ತುಂಬಿಸಿದ್ದು ಮಾಲ್ಟ್ ಡ್ರಿಂಕಿನ ಖಾಲಿ ಬಾಟ್ಲಿಗಳಿಗೆ. ಅಮಲಿಲ್ಲದ ಆ ಪಾನೀಯ ಅಲ್ಲಿ ಮನೆಮನೆಯಲ್ಲೂ ಇರುತ್ತದೆ, ಯಾರಿಗೂ ಸಂಶಯ ಬರದು. ತುಂಬಿದ್ದನ್ನು ಅಡುಗೆಮನೆಯ ಫ್ರಿಜ್ಜಿನಲ್ಲಿಟ್ಟೆ; ಅಂಗಡಿಯಿಂದ ತಂದ ಅಸಲಿ ಬಾಟ್ಲಿಗಳೂ ಅದರ ಬಾಗಿಲಲ್ಲೇ ಇದ್ದವು. ಗುರುತಿಗೆ ನನ್ನವುಗಳ ಕುತ್ತಿಗೆಗೆ ಒಂದೊಂದು ರಬ್ಬರ್ ಬ್ಯಾಂಡ್ ಹಾಕಿಟ್ಟೆ. ಬುದ್ಧಿವಂತ ನಾನು! ಆದರೆ ನಮ್ಮ ಕಡೆಯ ಹೆಂಗಸರ ಕಣ್ಣಿಗೆ ರಬ್ಬರ್ ಬ್ಯಾಂಡ್ ಬಿದ್ದರೆ ಅದು ಎಲ್ಲಿಯೂ ಸುಮ್ಮನೆ ಇರುವಂತಿಲ್ಲ ಎಂಬುದನ್ನು ಮರೆತಿದ್ದೆ. ಕರಿಬೇವಿನ ಸೊಪ್ಪಿನ ಪ್ಲಾಸ್ಟಿಕ್ ತೊಟ್ಟೆಗೆ, ಕುಚ್ಚಲಕ್ಕಿಯ ತೊಟ್ಟೆಗೆ, ಅರ್ಧ ಉಳಿದ ಸಾಂಬಾರ್ ಪುಡಿಗೆ ಎಂದು ಅವಳು ಒಂದೊಂದಾಗಿ ಕೆಲವನ್ನು ಬಿಚ್ಚಿಕೊಂಡಿದ್ದಳು. ನನಗೆ ಗೊತ್ತೇ ಇರಲಿಲ್ಲ.

ಒಂದು ಶುಕ್ರವಾರ ನಮಾಜು ಮುಗಿದ ಹೊತ್ತಿಗೆ ಬೆಲ್ ಆಯಿತು. ಬಾಗಿಲಲ್ಲಿ ನನ್ನ ಕಫೀಲ್ ನಿಂತಿದ್ದರು. ನಾನು ಕೆಲಸ ಮಾಡುವ ಅಂಗಡಿಯ ಯಜಮಾನರು ಅವರು, ನಾವು ಕರೆಯುವುದು ಅರ್ಬಾಬ್ ಎಂದು. ಅವರು ಸೈ ಅಂದರೆ ಮಾತ್ರ ನನಗೆ ಒಮಾನಿನಲ್ಲಿ ನೆಲೆ. ಎಪ್ಪತ್ತರ ಹಿರಿಯರು, ಐದು ಹೊತ್ತಿನ ನಮಾಜು ಒಂದು ದಿನವೂ ತಪ್ಪಿಸಿದವರಲ್ಲ. ಕೈಯಲ್ಲಿ ತಮ್ಮ ತೋಟದ ಹಸಿ ಖರ್ಜೂರದ ಬುಟ್ಟಿ.

"ಭಾನುವಾರ ನಿನ್ನ ವೀಸಾದ ಕೆಲಸ," ಎಂದರು ಹಿಂದಿಯಲ್ಲಿ. "ಪಾಸ್‌ಪೋರ್ಟ್ ಕೊಡು. ಯಲ್ಲಾ, ಬೇಗ."

ಖರ್ಜೂರ ತಂದ ಹಿರಿಯರನ್ನು ಬಾಗಿಲಲ್ಲಿ ನಿಲ್ಲಿಸಿ ಕಳಿಸಿದರೆ ಆ ಊರಿನಲ್ಲಿ ಮುಖ ಎತ್ತಿ ನಡೆಯಲಿಕ್ಕಿಲ್ಲ. ಒಳಗೆ ಕೂರಿಸಿದೆ. ಹೆಂಡತಿ ಕಾಫಿಗೆ ಏಲಕ್ಕಿ ಜಜ್ಜಲು ಹೋದಳು. ಅದು ಆಗುವವರೆಗೆ ತಂಪು ಏನಾದರೂ ಇರಲಿ ಎಂದು ನಾನು ಫ್ರಿಜ್ಜಿನ ಬಾಗಿಲು ತೆರೆದೆ. ರಬ್ಬರ್ ಬ್ಯಾಂಡ್ ಇಲ್ಲದ ಬಾಟ್ಲಿ ಆರಿಸಿ, ಬಗ್ಗಿಸಿ, ಗ್ಲಾಸನ್ನು ಅವರ ಕೈಗೇ ಕೊಟ್ಟೆ.

ಕೊಟ್ಟ ಮೇಲೆ ನೊರೆ ನೋಡಿದೆ. ಅಂಗಡಿಯ ನೊರೆ ಸುಯ್ ಎಂದು ಇಳಿಯುತ್ತದೆ. ಇದು ಬೆರಳೆತ್ತರ ಎದ್ದು ಹಾಗೇ ಕೂತಿತ್ತು. ಮೇಜಿನ ಮೇಲಿನ ಬಾಟ್ಲಿಯ ಅಡಿಯಲ್ಲಿ ಯೀಸ್ಟಿನ ಬಿಳಿ ಗಸಿ.

"ಅರ್ಬಾಬ್, ಬೇಡ, ಅದನ್ನು ಕುಡಿಯಬೇಡಿ," ಅಂದೆ. ಸ್ವರ ಇಲಿಯದ್ದಾಗಿತ್ತು.

ಅವರು ನಕ್ಕುಬಿಟ್ಟರು. ನಗದೆ ಏನು? ಅದೇ ತಿಂಗಳು ಅಂಗಡಿಯಲ್ಲಿ ಕೆಟ್ಟ ಫ್ರಿಜ್ಜಿನೊಳಗೆ ಅಡಗಿ ಕೂತು, ಬಾಗಿಲು ತೆರೆದವರನ್ನು "ಭೋ" ಎಂದು ಹೆದರಿಸಿದ್ದೆ. ಬಾಗಿಲು ತೆರೆದವರು ಇವರೇ. "ಇವತ್ತು ಉಪ್ಪು ಹಾಕಿದ್ದೀಯೋ, ಮೆಣಸೋ? ನಿನ್ನ ತಮಾಷೆ ಖಲಾಸ್ ಆಗುವುದೇ ಇಲ್ಲ," ಎಂದು ಬಿಸ್ಮಿಲ್ಲಾ ಹೇಳಿ ಗ್ಲಾಸು ಎತ್ತಿದರು.

ಆ ದೇವರ ಹೆಸರು ಕಿವಿಗೆ ಬಿದ್ದಾಗ ಜೈಲಿನ ಭಯವೂ ಹಿಂದೆ ಸರಿಯಿತು. ಜನ್ಮದಲ್ಲಿ ಒಂದು ಹನಿ ಮುಟ್ಟದ ಮನುಷ್ಯ, ನನ್ನ ಮನೆಯಲ್ಲಿ, ನನ್ನ ಕೈಯಿಂದ! ಇನ್ನು ನಾಲ್ಕು ಬೆರಳಿನಷ್ಟು ದೂರ. ಚಂಗನೆ ಹಾರಿದೆ. ಅವರ ಗಡ್ಡದ ಹತ್ತಿರದಿಂದ ಗ್ಲಾಸು ಕಸಿದು, ನಿಂತಲ್ಲೇ ಗಟಗಟ ಕುಡಿದು, ಬೋರಲು ಹಾಕಿ ತೋರಿಸಿದೆ.

"ಬಾಟ್ಲಿ ಡೇಟ್ ಮುಗಿದದ್ದು, ಅರ್ಬಾಬ್. ಹಾಳಾಗಿದೆ. ಮಾಫ್ ಮಾಡಿ," ಎಂದಳು ಒಳಗಿನಿಂದ ಬಂದ ಹೆಂಡತಿ. ಸ್ವರ ಒಂದಿಷ್ಟೂ ನಡುಗಲಿಲ್ಲ.

ಅವರು ಬಾಟ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಗಸಿ ನೋಡಿದರು. ಮೂಗಿನ ಹತ್ತಿರ ತಂದರು. ಎಷ್ಟು ಹೊತ್ತು ಎಂದು ಕೇಳಬೇಡಿ, ನನಗೆ ಊರಿನ ವಿಮಾನ ನಿಲ್ದಾಣದಲ್ಲಿ ಇಳಿದು ಸೂಟ್‌ಕೇಸಿಗೆ ಕಾಯುವಷ್ಟು ಹೊತ್ತು ಆಯಿತು. ಆಮೇಲೆ ಬಾಟ್ಲಿಯನ್ನು ಮೆಲ್ಲಗೆ ಕೆಳಗಿಟ್ಟರು.

"ಅತಿಥಿಯ ಕೈಯಿಂದ ಗ್ಲಾಸು ಕಸಿಯುವ ಮನೆಯನ್ನು ಇವತ್ತೇ ನೋಡಿದ್ದು," ಎಂದರು. ಮತ್ತೆ ನನ್ನನ್ನೇ ದಿಟ್ಟಿಸಿ, "ಹಾಳಾದದ್ದನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು. ಎಲ್ಲಾ ಚೆಲ್ಲು. ಇವತ್ತೇ."

ಮೂರು ಸಲ ಕಾಫಿ ಕುಡಿದರು, ಸಾಕು ಎಂದು ಲೋಟ ಅಲ್ಲಾಡಿಸಿದರು, ಪಾಸ್‌ಪೋರ್ಟ್ ಜೇಬಿಗೆ ಹಾಕಿಕೊಂಡು ಹೊರಟರು. ಅವರಿಗೆ ಗೊತ್ತಾಯಿತೇ? ಇವತ್ತಿಗೂ ಕೇಳುವ ಧೈರ್ಯ ನನಗಿಲ್ಲ. ಲಿಫ್ಟ್ ಕೆಳಗಿಳಿದದ್ದೇ ಡ್ರಮ್ಮು, ಬಾಟ್ಲಿ ಎಲ್ಲವನ್ನೂ ಬಚ್ಚಲಿಗೆ ಸುರಿದೆವು, ಮೇಲಿನಿಂದ ಫಿನಾಯಿಲ್ ಹೊಯ್ದೆವು. ಭಾನುವಾರ ಹೋಯಿತು, ಸೋಮವಾರ ಹೋಯಿತು, ಪಾಸ್‌ಪೋರ್ಟಿನ ಸುದ್ದಿಯಿಲ್ಲ. ಮಂಗಳವಾರ ಅವರು ಪಾಸ್‌ಪೋರ್ಟನ್ನು ನನ್ನ ಸ್ಪ್ಯಾನರುಗಳ ನಡುವೆ ಎಸೆದು ಹೋದರು. ವೀಸಾ ಆಗಿತ್ತು. ಹೆಂಡತಿ ಶಾಲೆಗೆ ಹೋಗುತ್ತಲೇ ಇದ್ದಾಳೆ.

ಇಷ್ಟರಲ್ಲಿ ನಾನು ಕಟ್ಟಿ ಹೇಳಿದ್ದು ಒಂದೇ ಒಂದು. ಚಂಗನೆ ಹಾರಿದವನು ನಾನಲ್ಲ. ನಾನು ಸೋಫಾದಲ್ಲೇ ಕೂತಿದ್ದೆ. ಕೈ ಎತ್ತಲು ನೋಡಿದರೆ ಕೈ ಬರಲಿಲ್ಲ. ಖರ್ಜೂರದ ತಟ್ಟೆ ಹಿಡಿದು ಬಂದ ಹೆಂಡತಿ ಗಸಿಯನ್ನು ನೋಡಿ, ತಟ್ಟೆ ಇಟ್ಟು, ಗ್ಲಾಸು ಕಸಿದು ಕುಡಿದಳು. ಅಲ್ಲಿಯವರೆಗೆ ಕೆಮ್ಮಿನ ಔಷಧವನ್ನೂ ಅಮಲಿನ ವಾಸನೆ ಉಂಟೋ ಎಂದು ನೋಡದೆ ಬಾಯಿಗೆ ಹಾಕಿದವಳಲ್ಲ.