ಗೇಣಿನ ಅಳತೆಯ ಸ್ವೆಟರು

ಮಣಿಪಾಲದ ಡಾಕ್ಟರು ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ಹೇಳಬೇಕಾದ್ದನ್ನು ನನಗೆ ಹೇಳಲಿಲ್ಲ, ಪಕ್ಕದಲ್ಲಿ ನಿಂತಿದ್ದ ನಮ್ಮ ಯಜಮಾನರಿಗೆ ಹೇಳಿದರು. "ಘಟ್ಟದ ಮೇಲಿನ ಕ್ಷಯದ ಸ್ಯಾನಿಟೋರಿಯಮ್ಮಿಗೆ ಬರೆಯುತ್ತೇನೆ. ಹಾಸಿಗೆ ಖಾಲಿಯಾದಾಗ ಕರೆಯುತ್ತಾರೆ. ಅಲ್ಲಿ ಮಲಗಿಸುವುದು ತೆರೆದ ಜಗಲಿಯಲ್ಲಿ. ಚಳಿ ಉಂಟು. ಒಂದು ಸ್ವೆಟರು ಬೇಕು, ಎದೆಗೆ ಸರಿಯಾಗಿ ಕೂರುವಂಥದ್ದು."

ಬಸ್ಸಿನಲ್ಲಿ ಹಿಂದೆ ಬರುವಾಗ ನಾವು ಕಾಯಿಲೆಯ ಸುದ್ದಿ ಎತ್ತಲಿಲ್ಲ. ಸ್ವೆಟರಿನ ಸುದ್ದಿಯೇ ಮಾತಾಡಿದೆವು. ಐವತ್ತರ ದಶಕದ ಕೊನೆಯ ಕಾಲ ಅದು. ಕಾಪುವಿನಲ್ಲಿ ಯಾರ ಮನೆಯಲ್ಲಿ ಸ್ವೆಟರು ಇರಬೇಕು? ಬೆಳಿಗ್ಗೆ ಗಂಜಿ ಉಣ್ಣುವ ಹೊತ್ತಿಗೇ ರವಕೆ ಬೆನ್ನಿಗೆ ಅಂಟುವ ಊರು. ಯಜಮಾನರು ಉಡುಪಿಯ ಜವಳಿ ಅಂಗಡಿಯಲ್ಲಿ ಕೇಳಿದ್ದಕ್ಕೆ, "ಸ್ವೆಟರಾ? ಬೈರಾಸು ಕೊಡಲಾ?" ಎಂದು ಮೈ ಒರೆಸುವ ತೆಳು ವಸ್ತ್ರ ತೋರಿಸಿ ನಕ್ಕರಂತೆ.

ಕೊನೆಗೆ ಬೊಂಬಾಯಿಯಲ್ಲಿದ್ದ ಮೈದುನ ಊರಿಗೆ ಬರುವವರ ಕೈಯಲ್ಲಿ ಉಲ್ಲನ್ ಮತ್ತು ಕಡ್ಡಿಗಳನ್ನು ಕಳಿಸಿಕೊಟ್ಟ. ಇಟ್ಟಿಗೆ ಬಣ್ಣದ ಉಲ್ಲನ್. ಹೆಣೆಯುವುದನ್ನು ನಾನು ಕಾರ್ಕಳದ ತವರಿನಲ್ಲಿದ್ದಾಗ ಕಾನ್ವೆಂಟಿನ ಸಿಸ್ಟರುಗಳಿಂದ ಕಲಿತಿದ್ದೆ. ಜ್ಞಾನಸ್ನಾನದ ಮಕ್ಕಳಿಗೆ ಟೊಪ್ಪಿ, ಕಾಲುಚೀಲ, ಅಷ್ಟೇ. ನನಗೆಂದು ಒಂದು ಕುಣಿಕೆ ಹಾಕಿದವಳಲ್ಲ.

ಕಷ್ಟ ಇದ್ದದ್ದು ಅಳತೆಯಲ್ಲಿ. ನಮ್ಮ ಮನೆಯಲ್ಲಿ ಕಾಯಿಲೆಯವರ ಮೈಗೆ ದಾರ ಹಿಡಿಯಬಾರದು ಎಂದು ಒಂದು ಕ್ರಮ ಇತ್ತು. ಮಲಗಿದವರ ಮೈಗೆ ದಾರ ಹಿಡಿಯುವವನು ಬಡಗಿ; ಅವನು ಹಾಗೆ ಬರುವುದು ಶವಪೆಟ್ಟಿಗೆ ಮಾಡಲಿಕ್ಕೆ. ಅತ್ತೆಯನ್ನು ನಾವು ಮಾಂಯ್ ಎಂದು ಕರೆಯುವುದು. ಮಾಂಯ್ ಮೊದಲೇ ಹೇಳಿಬಿಟ್ಟರು, "ಅಳತೆ ಗಿಳತೆ ಎಂತದ್ದೂ ಬೇಡ. ನಿನ್ನ ಮದುವೆಯ ರವಕೆ ಉಂಟಲ್ಲ, ಅದನ್ನು ಎದುರಿಗಿಟ್ಟು ಹೆಣೆ. ದೊಡ್ಡದೇ ಇರಲಿ ಮಾರಾಯ್ತಿ. ಬರುವಾಗ ನೀನು ಹಲಸಿನ ಹಣ್ಣಿನ ಹಾಗೆ ತುಂಬಿಕೊಂಡು ಬರುತ್ತಿ."

ಅವರ ಬಾಯಿಯಲ್ಲಿ ಅಷ್ಟು ಒಳ್ಳೆಯ ಮಾತು ಬಂದದ್ದೇ ದೊಡ್ಡದು ಎಂದುಕೊಂಡು ಶುರು ಮಾಡಿದೆ. ನನ್ನ ಚಾಪೆ, ತಟ್ಟೆ, ಲೋಟ ಎಲ್ಲ ಪಡುಬದಿಯ ಜಗಲಿಗೆ ಬಂದಿತ್ತು. ನಡುವೆ ಅರೆಬಾಗಿಲು. ಅದರಾಚೆ ಆಗಷ್ಟೇ ನಡೆಯಲು ಕಲಿತ ನನ್ನ ಮಗಳು. ಬಾಗಿಲಿಗೆ ಕೈಯಿಟ್ಟು "ಅಮ್ಮಾ" ಎಂದರೆ ಮಾಂಯ್ ಬಂದು ಎತ್ತಿಕೊಂಡು ಹೋಗುವುದು. ಹಾಗೆ ಮಾಡುವುದು ಸರಿ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಕುಣಿಕೆ ತಪ್ಪುತ್ತಿತ್ತು.

ಸೆಕೆಯಲ್ಲಿ ಉಲ್ಲನ್ ಹೆಣೆದವರಿಗೆ ಗೊತ್ತು. ಬೆವರಿದ ಬೆರಳಿಗೆ ನೂಲು ಅಂಟುತ್ತದೆ, ಕಡ್ಡಿ ಜಾರುವುದಿಲ್ಲ. ಬೆಳಗಿನ ಸಾಲು ಸಡಿಲ, ಮಧ್ಯಾಹ್ನದ ಸಾಲು ಬಿಗಿ. ಬಟ್ಟೆ ಒಂದು ಕಡೆ ಸೊಟ್ಟ ಎಳೆಯುತ್ತದೆ. ಹಾಗಾಗಿ ಅಂಗೈಗೆ ಪೌಡರು ಹಾಕಿಕೊಂಡು, ಬಿಸಿಲು ಏರುವ ಮೊದಲು ಮಾತ್ರ ಹೆಣೆಯುತ್ತಿದ್ದೆ. ಒಂದು ಸಾಲು ಮುಗಿದರೆ ಒಂದು ನಮಾನ್ ಮರಿಯೆ ಜಪ. ಕೆಮ್ಮು ಬಂದರೆ ಕಡ್ಡಿ ಕೆಳಗಿಟ್ಟು, ನಿಂತ ಮೇಲೆ ಮತ್ತೆ ಎತ್ತಿಕೊಳ್ಳುವುದು.

ಮುಗಿದ ದಿನ ಹಾಕಿಕೊಂಡು ಜಗಲಿಯ ಮೆಟ್ಟಿಲಿಗೆ ಬಂದೆ. ತೋಳು ಬೆರಳನ್ನು ದಾಟಿ ಇಳಿದಿತ್ತು. ಕುತ್ತಿಗೆಯ ಹತ್ತಿರ ಮುಷ್ಟಿ ಹೋಗುವಷ್ಟು ಜಾಗ. ಅಂಗಳದಲ್ಲಿ ಬುಟ್ಟಿ ಇಳಿಸುತ್ತಿದ್ದ ಮೀನಿನವಳು ನೋಡಿದಳು.

"ಎಂತ ಅಮ್ಮಾ, ಯಜಮಾನರ ಅಂಗಿಯಾ? ಒಳಗೆ ಇನ್ನೊಬ್ಬರಿಗೆ ಜಾಗ ಉಂಟಲ್ಲ!"

ಅವಳದು ಕೆಟ್ಟ ಮನಸ್ಸಲ್ಲ. ನಾನೂ ನಕ್ಕೆ. ಹಿಂದೆ ಬಂದು ಜಗಲಿಯ ಗೋಡೆಯ ಕನ್ನಡಿ ನೋಡಿದಾಗ ನಗು ನಿಂತಿತು. ಗೂಟಕ್ಕೆ ತೂಗುಹಾಕಿದ ಹಾಗೆ ಕಾಣುತ್ತಿತ್ತು. ಮದುವೆಯ ರವಕೆ ತೊಟ್ಟವಳು ಈಗ ಈ ಮನೆಯಲ್ಲಿ ಇರಲಿಲ್ಲ. ಅವಳಿಗೆ ಹೆಣೆದದ್ದನ್ನು ನಾನು ಹಾಕಿಕೊಂಡು ಹೋದರೆ ಘಟ್ಟದ ಗಾಳಿ ನೇರ ಎದೆಗೆ ಇಳಿಯುತ್ತದೆ.

"ಮಾಂಯ್, ಇದನ್ನು ಬಿಚ್ಚಿ ಬೇರೆ ಹೆಣೆಯುತ್ತೇನೆ. ಅಳತೆ ತೆಗೆಯಲೇಬೇಕು," ಎಂದೆ.

"ತೆಗೆದರೆ ಎಂತ ಆಗುತ್ತದೆ ಗೊತ್ತುಂಟಾ ನಿನಗೆ?"

"ನೀವು ತೆಗೆಯದಿದ್ದರೆ ಚಳಿಗೆ ನನ್ನ ಅಳತೆ ಸಿಗುವುದಿಲ್ಲವಾ?"

ನಾನು ಅವರಿಗೆ ಎದುರು ಮಾತಾಡಿದವಳಲ್ಲ. ಅವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಅರೆಬಾಗಿಲಿನ ಆಚೆ ಕುಳಿತು ಸೆರಗಿನ ತುದಿ ಸುತ್ತುತ್ತಾ ಹೇಳಿದರು, "ನಿನ್ನ ಗಂಡನಿಗಿಂತ ಮೊದಲು ನನಗೆ ಒಬ್ಬ ಮಗ ಇದ್ದ. ಜ್ವರದಲ್ಲಿ ಮಲಗಿದ್ದ. ಕ್ರಿಸ್ಮಸ್ಸಿಗೆ ಹೊಸ ಅಂಗಿ ಕೇಳಿದ. ನಾನೇ ದಾರ ಹಿಡಿದು ಅಳತೆ ತೆಗೆದು ದರ್ಜಿಗೆ ಕೊಟ್ಟೆ. ಆ ಅಂಗಿಯನ್ನೇ ಹಾಕಿ ಕಳಿಸಿದೆವು."

ಇದನ್ನು ಅದುವರೆಗೆ ಯಾರೂ ನನಗೆ ಹೇಳಿರಲಿಲ್ಲ. ಅವರಿಗೆ ಸಮಾಧಾನ ಹೇಳೋಣ ಎಂದರೆ ಹತ್ತಿರ ಹೋಗುವ ಹಾಗಿಲ್ಲ. ಸ್ವೆಟರು ಬಿಚ್ಚುವುದನ್ನೂ ಬಿಡುವ ಹಾಗಿಲ್ಲ. ಬಿಚ್ಚಿದೆ. ಬಿಚ್ಚಿದ ಉಲ್ಲನ್ ಶಾವಿಗೆಯ ಹಾಗೆ ಸುರುಳಿ ಸುರುಳಿಯಾಗಿರುತ್ತದೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ತೊಳೆದು, ನೆರಳಿನಲ್ಲಿ ತೂಗುಹಾಕಿ, ಕೆಳಗೆ ಕಲ್ಲು ಕಟ್ಟಿದೆ. ಅದು ನೆಟ್ಟಗಾಗುವವರೆಗೆ ಮಾಂಯ್ ಅರೆಬಾಗಿಲಿನ ಹತ್ತಿರ ಗಂಜಿ ಇಟ್ಟು ತಿರುಗಿ ನೋಡದೆ ಹೋಗುತ್ತಿದ್ದರು. ಎದೆಯ ಅಳತೆಯನ್ನು ನಾನೇ ಹೇಗೋ ತೆಗೆಯಬಹುದು. ನನ್ನ ಬೆನ್ನಿಗೆ ನಾನು ಹೇಗೆ ದಾರ ಹಿಡಿಯಲಿ? ಯಜಮಾನರನ್ನು ಕೇಳಿದೆ. "ಅಮ್ಮ ಬೇಡ ಎಂದ ಮೇಲೆ ನಾನು..." ಎಂದು ಅಂಗಳಕ್ಕೆ ಇಳಿದು ಹೋದರು. ಅವರಿಗೂ ಹೆದರಿಕೆ.

ಆ ಭಾನುವಾರ ಮಾಂಯ್ ಪೂಜೆ ಮುಗಿಸಿ ಇಗರ್ಜಿಯಿಂದ ಬಂದವರು ಸೀರೆ ಕೂಡ ಬದಲಿಸಲಿಲ್ಲ. ಅರೆಬಾಗಿಲು ತೆಗೆದು ಜಗಲಿಗೆ ಬಂದರು.

"ತಿರುಗು."

"ಮಾಂಯ್, ಹತ್ತಿರ ಬರಬೇಡಿ, ಡಾಕ್ಟರು—"

"ಡಾಕ್ಟರಿಗೆ ನಾನು ಹೇಳುತ್ತೇನೆ. ನೀನು ತಿರುಗು. ದಾರ ಬೇಡ, ನನಗೆ ಕೈ ಉಂಟು."

ಹೆಬ್ಬೆರಳು ಕಿರುಬೆರಳು ಅಗಲಿಸಿ ಗೇಣು ಹಾಕಿದರು. ಒಂದೊಂದು ಗೇಣಿಗೂ ನಮಾನ್ ಮರಿಯೆ ಹೇಳುತ್ತಾ ಹೆಗಲಿನಿಂದ ಹೆಗಲಿಗೆ, ಕುತ್ತಿಗೆಯಿಂದ ಸೊಂಟಕ್ಕೆ, ಕಂಕುಳಿನಿಂದ ಮಣಿಕಟ್ಟಿಗೆ. ಬೆನ್ನಿನ ಎಲುಬಿನ ಮೇಲೆ ಅವರ ಕೈ ಒಮ್ಮೆ ನಿಂತಿತು. "ಇಷ್ಟೇಯಾ?" ಎಂದರು. ನನ್ನನ್ನು ಕೇಳಿದ್ದಲ್ಲ. ಕಾಯಿಲೆ ಗೊತ್ತಾದ ಮೇಲೆ ಮನೆಯವರ ಕೈ ನನ್ನ ಮೈಗೆ ತಾಗಿದ್ದು ಅದೇ ಮೊದಲು. ಆ ಬಿಸಿ ತಾಗಿದ್ದಕ್ಕೆ ನಾನು ದೇವರಿಗೆ ಇವತ್ತಿಗೂ ವಂದನೆ ಹೇಳುತ್ತೇನೆ.

ಮತ್ತೆ ಹೆಣೆಯುವಾಗ ಇಂಚುಪಟ್ಟಿ ಇಲ್ಲ, ರವಕೆ ಇಲ್ಲ. ಹೆಣೆದಷ್ಟನ್ನು ಬೆಳಿಗ್ಗೆ ಅರೆಬಾಗಿಲಿನ ಮೇಲೆ ಹಾಸುವುದು. ಮಾಂಯ್ ಗೇಣು ಇಟ್ಟು ನೋಡಿ, "ಇನ್ನು ನಾಲ್ಕು ಬೆರಳು," ಎನ್ನುವುದು. ಕಂಕುಳಿನ ಹತ್ತಿರ ಕುಣಿಕೆ ಇಳಿಸುತ್ತಾ ಬಂದೆ, ಕುತ್ತಿಗೆಯನ್ನು ಗಂಟಲಿನ ಕುಳಿ ಮುಚ್ಚುವಷ್ಟು ಎತ್ತರಿಸಿದೆ. ಮಳೆ ಹಿಡಿಯುವ ಮೊದಲು ಸ್ವೆಟರು ಆಯಿತು, ಆಸ್ಪತ್ರೆಯ ಕರೆಯೂ ಬಂತು. ಹಾಕಿಕೊಂಡು ನಿಂತೆ. ಎಲ್ಲಿಯೂ ಸುಕ್ಕಿಲ್ಲ, ಎಲ್ಲಿಯೂ ಎಳೆಯುವುದಿಲ್ಲ. ಅಷ್ಟು ಸರಿಯಾಗಿ ಕೂತ ಬಟ್ಟೆಯನ್ನು ನಾನು ತೊಟ್ಟಿರಲಿಲ್ಲ. ಮಾಂಯ್ "ಸರಿ ಉಂಟು" ಎಂದು ಮುಖ ತಿರುಗಿಸಿ ಒಳಗೆ ಹೋದರು. ಸರಿಯಾಗಿ ಕೂತದ್ದರಿಂದಲೇ ನಾನು ಎಷ್ಟು ಉಳಿದಿದ್ದೇನೆ ಎಂಬುದು ನೋಡಿದವರಿಗೆ ಗೊತ್ತಾಗುವ ಹಾಗಿತ್ತು.

ಘಟ್ಟದ ಮೇಲೆ ಚಳಿ ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚೇ ಇತ್ತು. ಇಂಜೆಕ್ಷನ್, ಹಾಲು, ಮೊಟ್ಟೆ, ಮಲಗುವುದು. ಗುಣವಾಗುತ್ತದೆ ಎಂದು ಅಲ್ಲಿ ಯಾರಿಗೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಒಂದು ಬೆಳಿಗ್ಗೆ ಜಡೆ ಹಾಕಲು ಕೈ ಎತ್ತಿದೆ, ಕಂಕುಳಿನಲ್ಲಿ ಸ್ವೆಟರು ಹಿಡಿಯಿತು. ತೊಳೆದು ಕುಗ್ಗಿರಬೇಕು ಎಂದುಕೊಂಡೆ. ಕೆಲವು ದಿನ ಕಳೆದ ಮೇಲೆ ಬೆನ್ನಿನಲ್ಲಿಯೂ ಬಿಗಿಯಾಯಿತು. ಆಗ ನೆನಪಾಯಿತು, ಅಷ್ಟರವರೆಗೆ ನಾನು ಅದನ್ನು ತೊಳೆದೇ ಇರಲಿಲ್ಲ; ತುಂಬಿಕೊಂಡದ್ದು ನನ್ನ ಮೈ.

ಪಕ್ಕದ ಹಾಸಿಗೆಯಲ್ಲಿ ಶಿರ್ವದ ಕಡೆಯ ಒಬ್ಬಳು ಇದ್ದಳು, ನನ್ನದೇ ಪ್ರಾಯ. ನಾವಿಬ್ಬರೂ ಕೂಡಿ ತೇರ್ಸ್ ಜಪ ಹೇಳುತ್ತಿದ್ದೆವು. ಬಂದಾಗ ಅವಳ ಸ್ವೆಟರಿನ ಗುಂಡಿ ಕಷ್ಟದಲ್ಲಿ ಹಾಕಬೇಕಿತ್ತಂತೆ. ಈಗ ಅವಳು ಅದನ್ನು ಮಡಚಿ ಪಿನ್ನು ಚುಚ್ಚಿಕೊಳ್ಳುತ್ತಿದ್ದಳು. ಅವಳು ನೋಡುವಾಗ ನಾನು ಕೈ ಎತ್ತುತ್ತಿರಲಿಲ್ಲ. ಕಂಬಳಿಯನ್ನು ಹೆಗಲವರೆಗೆ ಎಳೆದುಕೊಂಡು, ಗೋಡೆಯ ಕಡೆ ಮಗ್ಗುಲಾಗಿ, ಅವಳಿಗೆ ಕೇಳದ ಹಾಗೆ ದೇವರಿಗೆ ವಂದನೆ ಹೇಳಿದೆ.