ಫೋನಿನಲ್ಲಿ ಬಂದವಳ ಚಹಾ

ಮಂಗಳವಾರ ಮುಂಜಾನೆ ನಮ್ಮ ಸೊಲ್ಲಾಪುರದ ಅಡುಗೆಮನೆಯಲ್ಲಿ ಎರಡು ಕಪ್ಪು-ಬಸಿ ಹೊರಬರುತ್ತವೆ: ಒಂದು ಅತ್ತೆಯವರದು, ಇನ್ನೊಂದು ಡಬ್ಬಿಗೆ ಒರಗಿ ನಿಂತ ಮೊಬೈಲಿನದು. ಅತ್ತೆಯವರಿಗೆ ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ. ಈಗ ಎಚ್ಚರ ವಹಿಸಿದರೆ ತಡೆಯಬಹುದೆಂದು ಡಾಕ್ಟರರು ಹೇಳಿದ್ದಾರೆ. ಅತ್ತೆಯವರ ಅಕ್ಕನ ಕಣ್ಣು ಆ ಕಾಯಿಲೆಯಿಂದಲೇ ಹೋದದ್ದನ್ನು ಕಂಡ ನಮಗೆ ಆ ಮಾತು ಹಗುರವಲ್ಲ. ಅದಕ್ಕೆಂದೇ ಪುಣೆಯಿಂದ ಆಹಾರ ಸಲಹೆಗಾರ್ತಿಯೊಬ್ಬಳು ವಾರಕ್ಕೊಮ್ಮೆ ವಿಡಿಯೋ ಕರೆ ಮಾಡಿ, ಏನು ಉಂಡಿರಿ, ಎಷ್ಟು ನಡೆದಿರಿ ಎಂದು ವಿಚಾರಿಸುತ್ತಾಳೆ. ನನ್ನ ದುರದೃಷ್ಟಕ್ಕೆ ಆ ಹುಡುಗಿಯ ಊರು ಅಕ್ಕಲಕೋಟೆ. ಅತ್ತೆಯವರ ತವರೂ ಅದೇ. ತವರಿನವಳು ಬಂದರೆ ಚಹಾ ಇಲ್ಲದೆ ಕಳಿಸುವುದುಂಟೇ?

"ಅತ್ತ್ಯಾರ, ಆಕಿ ಫೋನಿನಾಗ ಅದಾಳ್ರಿ. ಹ್ಯಾಂಗ ಕುಡೀತಾಳ?"

"ಅದಕ್ಕ ಆಕೀದೂ ನಾನ ಕುಡೀತೀನಿ. ಚೆಲ್ಲೂಣೇನು?"

ಸಕ್ಕರೆ ಬಿಡಿಸಲು ಬರುವ ಕರೆಯಿಂದಲೇ ನಮ್ಮ ಮನೆಯಲ್ಲಿ ಸಕ್ಕರೆಯ ಖರ್ಚು ಹೆಚ್ಚಾಯಿತು. ಉಳಿದ ದಿನಗಳಲ್ಲೂ ನಾನು ಸಕ್ಕರೆ ಇಲ್ಲದ ಚಹಾ ಕೊಟ್ಟರೆ, "ನಾ ಏನ್ ಹಾಸಿಗಿ ಹಿಡದೇನೇನು?" ಎಂದು ನನ್ನತ್ತಲೇ ಸರಿಸುತ್ತಿದ್ದರು. ದೂರವನ್ನು ಅಳಿಸಲು ಯಂತ್ರ ಕಂಡುಹಿಡಿದ ಜಾಣರಿಗೆ, ದೂರ ಅಳಿದ ಮೇಲೆ ಎದುರಿಗಿರುವವರು ಅತಿಥಿಯಾಗಿಬಿಡುತ್ತಾರೆಂಬುದು ಹೊಳೆಯಲಿಲ್ಲವೇ? ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಮೆಲುದನಿಯನ್ನು ಎಷ್ಟು ದಿನ ಕಾಪಾಡಲಿ ಹೇಳಿ. ಹೋದ ವಾರದ ರಕ್ತಪರೀಕ್ಷೆಯಲ್ಲಿ ಸಕ್ಕರೆ ಇನ್ನಷ್ಟು ಏರಿದ್ದು ಕಂಡು, ಈ ಮಂಗಳವಾರ ಅತ್ತೆಯವರ ಎದುರೇ ಆ ಹುಡುಗಿಗೆ ಎಲ್ಲವನ್ನೂ ಹೇಳಿಬಿಟ್ಟೆ.

ಅವಳು ನಕ್ಕಳು. "ಆಯಿ, ನಾ ಚಹಾಕ ಸಕ್ಕರಿ ಹಾಕ್ಕೊಳ್ಳಂಗಿಲ್ರಿ. ನನಗ ಸಕ್ಕರಿ ಬಿಟ್ಟು ಮಾಡ್ರಿ."

ಸಕ್ಕರೆ ಹಾಕಲು ಹೊರಟಿದ್ದ ಅತ್ತೆಯವರ ಚಮಚ ನಿಂತಿತು. "ಒಂದ ಪಾತೇಲ್ಯಾಗ ಎರಡ ಥರಾ ಹ್ಯಾಂಗ ಕುದಸೂದು?" ಎಂದು ಗೊಣಗುತ್ತ, ಅತಿಥಿಯ ನಾಲಿಗೆಗೆ ತಕ್ಕಂತೆ ಇಡೀ ಚಹಾವನ್ನೇ ಸಪ್ಪಗೆ ಕುದಿಸಿದರು. ಬಸಿಗೆ ಸುರಿದು ಒಂದು ಗುಟುಕು ಕುಡಿದು ಮುಖ ಕಿವುಚಿದರು. "ಪಾಪ, ದಿನಾ ಇಂಥಾದ್ದ ಕುಡೀತಾಳ. ಹಾಕಿ ಕೊಡಾಕ ಆಕಿಗೆ ಯಾರೂ ಇಲ್ಲೇನು?" ಆದರೂ ಎರಡು ಕಪ್ಪನ್ನೂ ಮುಗಿಸಿದರು.

ತಿಂಗಳುಗಟ್ಟಲೆ ಬೇಡಿಕೊಂಡ ಸೊಸೆ ನಾನು; ಗೆದ್ದದ್ದು ಅಂಗೈಯಗಲದ ಗಾಜಿನೊಳಗಿನ ಹುಡುಗಿ. ಸಿಟ್ಟು ಬಂತು, ಸುಳ್ಳೇಕೆ. ಸಿಟ್ಟಿನಲ್ಲೇ ಮೊಬೈಲನ್ನು ಅಂಗಳಕ್ಕೆ ಒಯ್ದು, ಅತ್ತೆಯವರಿಗೆ ಕೇಳಿಸದಂತೆ ಅವಳಿಗೆ ಹೇಳಿದೆ:

"ದಿನಾ ಮುಂಜಾನೆ ಎರಡ ನಿಮಿಷ ಬಂದು ಹೋಗವಾ. ಚಹಾ ಕುಡದ ಹೋಗು."