ಕಿಟಕಿಯಿಲ್ಲದ ಕೋಣೆಯ ಹಾಡುಗಳು

ನನ್ನ ಗಂಡ ಹಾಸಿಗೆ ಮಾಡುತ್ತಿದ್ದರು. ಹತ್ತಿ ಬಡಿದು, ತುಂಬಿ, ದಬ್ಬಣದಲ್ಲಿ ಹೊಲಿಯುವ ಹಾಸಿಗೆ. ಗವಸು ಹೊಲಿಯುವುದು ನನ್ನ ಪಾಲು, ಹತ್ತಿ ಅವರ ಪಾಲು. ಮುಂದೆ ಅಂಗಡಿ, ಹಿಂದೆ ಹತ್ತಿಯ ಕೋಣೆ, ಮಹಡಿಯ ಮೇಲೆ ನಾವಿಬ್ಬರು. ಮಕ್ಕಳಿಲ್ಲ. ಇಷ್ಟೇ ಆಗಿದ್ದರೆ ಅವರ ಬಗ್ಗೆ ಹೇಳಲು ಹೆಚ್ಚೇನೂ ಇರುತ್ತಿರಲಿಲ್ಲ. ಆದರೆ ಅವರು ಡ್ರಮ್ ಕೂಡ ಬಾರಿಸುತ್ತಿದ್ದರು.

ಯಾರೂ ಕಲಿಸಿದ್ದಲ್ಲ. ಜನ ಹಳೆಯ ಹಾಸಿಗೆ ತರುತ್ತಾರೆ, ಹತ್ತಿ ಗಂಟು ಕಟ್ಟಿರುತ್ತದೆ. ಅದನ್ನು ನೆಲಕ್ಕೆ ಹರಡಿ ಎರಡೂ ಕೈಯಲ್ಲಿ ಕೋಲು ಹಿಡಿದು ಬಡಿಯಬೇಕು. ಒಂದೇ ಸಮನೆ ಬಡಿದರೆ ಕೈ ಸೋಲುತ್ತದೆ. ಒಂದು ಜೋರು, ಎರಡು ಮೆಲ್ಲಗೆ, ನಡುವೆ ಒಂದು ಬಿಡುವು. ಹಾಗೆ ಬಡಿದರೆ ದಿನವಿಡೀ ಬಡಿಯಬಹುದು. ಅವರದು ಇನ್ನೊಂದು ಪದ್ಧತಿ ಇತ್ತು. ಹಳೆಯ ಹತ್ತಿಯನ್ನೆಲ್ಲ ಎಸೆದು ಹೊಸದು ತುಂಬಿಸಿ ಅಂದವರಿಗೂ ಅವರು ತಲೆಯ ಕಡೆ ಒಂದು ಹಿಡಿ ಹಳೆಯದನ್ನು ಸೇರಿಸಿಯೇ ಹೊಲಿಯುತ್ತಿದ್ದರು. "ಪೂರ್ತಿ ಹೊಸದಾದ್ರೆ ನಿದ್ದೆ ಹತ್ತಲ್ಲ, ಮನುಷ್ಯನಿಗೆ ತನ್ನ ಹಾಸಿಗೆ ಗುರುತು ಸಿಗಬೇಕು" ಅನ್ನುತ್ತಿದ್ದರು.

ನನ್ನ ತಮ್ಮನದೊಂದು ಬ್ಯಾಂಡ್ ಇತ್ತು. ಅವನು ಹಾಡುತ್ತಿದ್ದ, ಗಿಟಾರ್ ನುಡಿಸುತ್ತಿದ್ದ. ದಪ್ಪ ತಂತಿಯ ಗಿಟಾರಿಗೆ ಅವನ ಗೆಳೆಯ. ಬಾಗಿಲು ದಾಟುವಾಗಲೆಲ್ಲ ತಲೆ ಬಗ್ಗಿಸುತ್ತಿದ್ದ ಅವನನ್ನು ನಾವು ಉದ್ದಣ್ಣ ಅನ್ನುತ್ತಿದ್ದೆವು. ಅವರ ಡ್ರಮ್ಮಿನವನು "ಇಷ್ಟು ಅಳೋ ಹಾಡಿಗೆ ಡ್ರಮ್ ಯಾಕೆ, ಕರ್ಚೀಫ್ ಸಾಕು" ಎಂದು ಬಿಟ್ಟು ಹೋಗಿದ್ದ. ಆ ದಿನಗಳಲ್ಲೊಮ್ಮೆ ನಮ್ಮ ಅಂಗಡಿಗೆ ಬಂದ ತಮ್ಮ ಹತ್ತಿ ಬಡಿಯುವ ಸದ್ದು ಕೇಳುತ್ತಾ ಬಾಗಿಲಲ್ಲೇ ನಿಂತುಬಿಟ್ಟ.

"ಭಾವ, ಇದನ್ನೇ ಡ್ರಮ್ ಮೇಲೆ ಬಾರಿಸ್ತೀರಾ?"

"ನಾನು ಅಲ್ಲಿಗೆ ಬಂದ್ರೆ ಇಲ್ಲಿ ಹತ್ತಿ ಯಾರು ಬಡೀತಾರೆ? ನಿಮ್ಮಪ್ಪನಾ?"

"ನಮ್ಮಪ್ಪ ನಿಮಗೆ ಮಗಳು ಕೊಟ್ಟಿದ್ದೇ ಹೆಚ್ಚಾಯ್ತು."

ಮುಂದಿನ ವಾರ ಹೋದರು. ಆಮೇಲೆ ಬಿಡಲಿಲ್ಲ. ಮನೆಯಲ್ಲಿ ಆ ಬ್ಯಾಂಡಿಗೆ ಅವರು ಇಟ್ಟ ಹೆಸರು ಅಳುಬುರುಕರ ಸಂಘ. "ಸಂಘದ ಮೀಟಿಂಗ್ ಇದೆ ಕಣೇ, ಊಟ ಮುಚ್ಚಿಡು" ಎಂದು ಹೊರಡುತ್ತಿದ್ದರು. ವಯಸ್ಸಿನಲ್ಲಿ ಉಳಿದಿಬ್ಬರಿಗಿಂತ ತೀರಾ ದೊಡ್ಡವರು, ಆದರೂ ಬರುವಾಗ ಶಾಲೆ ಬಿಟ್ಟ ಹುಡುಗನ ಮುಖ.

ಮೊದಲ ಆಲ್ಬಂ ದೊಡ್ಡ ಸ್ಟುಡಿಯೋದಲ್ಲಿ ಆಯಿತು. ಜನಕ್ಕೆ ಹಿಡಿಸಿತು. ಬಹಳ ಜನಕ್ಕೆ ಅಂತಲ್ಲ, ಹಿಡಿಸಿದವರಿಗೆ ತುಂಬಾ ಹಿಡಿಸಿತು. ಒಮ್ಮೆ ಅವರ ಕಾರ್ಯಕ್ರಮಕ್ಕೆ ನಾನೂ ಹೋಗಿದ್ದೆ. ಕತ್ತಲೆ ತುಂಬಿದ ಹಾಲ್. ಕಪ್ಪು ಬಟ್ಟೆ ಹಾಕಿಕೊಂಡ ಹುಡುಗ ಹುಡುಗಿಯರು ಕಣ್ಣು ಮುಚ್ಚಿ ನಿಂತಿದ್ದರು. ಯಾರೂ ಕುಣಿಯುತ್ತಿಲ್ಲ, ಯಾರೂ ನಗುತ್ತಿಲ್ಲ.

"ಯಾರು ಸತ್ತಿದ್ದಾರೋ?" ಎಂದು ತಮ್ಮನನ್ನು ಕೇಳಿದೆ.

"ಯಾರೂ ಇಲ್ಲ ಅಕ್ಕ. ಚೆನ್ನಾಗಿದೆ ಅಂತ ಅರ್ಥ."

ಆಗ ಯಾರೂ ಸತ್ತಿರಲಿಲ್ಲ.

ಆಮೇಲೆ ನನ್ನ ಗಂಡನಿಗೆ ಕೆಮ್ಮು ಶುರುವಾಯಿತು. ಹತ್ತಿಯ ಧೂಳು ಎದೆಗಿಳಿದಿದೆ ಎಂದರು ಡಾಕ್ಟರು. ಹತ್ತಿ ಬಿಡಿ ಎಂದರು. "ಹತ್ತಿ ಬಿಟ್ಟು ಏನು ತಿನ್ಲಿ, ಹುಲ್ಲಾ?" ಎಂದು ಇವರು ಎದ್ದು ಬಂದರು. ಎರಡನೇ ಆಲ್ಬಂ ಹೊತ್ತಿಗೆ ಮೆಟ್ಟಿಲು ಹತ್ತಿದರೆ ಏದುಸಿರು. ಸ್ಟುಡಿಯೋ ಎತ್ತರದ ಕಟ್ಟಡದಲ್ಲಿತ್ತು, ಲಿಫ್ಟ್ ಕೆಟ್ಟಿತ್ತು. ಬೇರೆಯವರನ್ನು ಹುಡುಕಿಕೊಳ್ಳಿ ಎಂದು ಇವರೇ ಹೇಳಿದರು. ತಮ್ಮ ಒಪ್ಪಲಿಲ್ಲ. "ಬಾರಿಸೋರು ಬರಕ್ಕಾಗದಿದ್ರೆ ಸ್ಟುಡಿಯೋನೇ ಬರ್ಲಿ" ಎಂದು ಮೈಕು, ಯಂತ್ರ ಎಲ್ಲ ನಮ್ಮ ಹತ್ತಿಯ ಕೋಣೆಗೆ ತಂದ. ಸುತ್ತ ಗೋಡೆಗೆ ಹಾಸಿಗೆ ಒರಗಿಸಿದೆವು. ಹೊರಗಿನ ಒಂದು ಸದ್ದೂ ಒಳಗೆ ಬರುತ್ತಿರಲಿಲ್ಲ.

ಅಲ್ಲೇ ಒಂದು ತಪ್ಪಾಯಿತು. ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್ಮು ಕೋಣೆಯೆಲ್ಲ ಗುಂಯ್ ಅನ್ನುತ್ತಿತ್ತು. "ಒಳಗೊಂದು ದಿಂಬು ಹಾಕಿ ಅಕ್ಕ, ಎಲ್ಲಾ ಕಡೆ ಹಾಗೇ ಮಾಡೋದು" ಎಂದ ಉದ್ದಣ್ಣ. ಬೇರೆಯವರಾಗಿದ್ದರೆ ಹಳೆಯ ದಿಂಬೊಂದನ್ನು ತುರುಕಿ ಸುಮ್ಮನಾಗುತ್ತಿದ್ದರು. ನಾವು ಕಸುಬಿನವರು. ನಾನು ಡ್ರಮ್ಮಿನ ಒಳಗಿನ ಅಳತೆ ತೆಗೆದು ದುಂಡಗೆ ಗವಸು ಹೊಲಿದೆ. ಅವರು ಬೆರಳು ಊರಿದರೆ ಗುಳಿ ಬೀಳದ ಹಾಗೆ ಹತ್ತಿ ತುಂಬಿ ದಬ್ಬಣ ಹಾಕಿದರು. ಗುಂಯ್ ಹೋಯಿತು. ಬಾರಿಸಿದರೆ ಧುಪ್ ಎಂದು ಬಿತ್ತು. ಎಲ್ಲರೂ ತಲೆದೂಗಿದೆವು. ಹಾಸಿಗೆಗಳ ನಡುವೆ ಕೂತವರಿಗೆ ಎಲ್ಲ ಸದ್ದೂ ಹಾಗೇ ಮೆತ್ತಗೆ ಕೇಳುತ್ತದೆ, ಹತ್ತಿ ಅತಿಯಾದದ್ದು ಗೊತ್ತಾಗುವುದಿಲ್ಲ ಅನ್ನುವುದು ಯಾರಿಗೂ ಹೊಳೆಯಲಿಲ್ಲ.

ಒಂದೊಂದು ಹಾಡು ಮುಗಿದಾಗಲೂ ಅವರು ಹತ್ತಿಯ ಮೂಟೆಗೆ ಒರಗುತ್ತಿದ್ದರು.

"ಭಾವ, ಉಳಿದಿದ್ದು ನಾಳೆ ಮಾಡೋಣ್ವಾ?"

"ನಾಳೆ ಹತ್ತಿ ಬಡಿಯೋದಿದೆ. ಬಾ, ಇವತ್ತೇ ಅತ್ತುಬಿಡೋಣ."

ನಾನು ಮುಂದಿನ ಅಂಗಡಿಯಲ್ಲಿ ಹೊಲಿಗೆ ಯಂತ್ರ ನಿಲ್ಲಿಸಿ ಸುಮ್ಮನೆ ಕೂತಿರುತ್ತಿದ್ದೆ. ಬಾಗಿಲು ಮುಚ್ಚಿದ್ದರಿಂದ ನನಗೇನೂ ಕೇಳಿಸುತ್ತಿರಲಿಲ್ಲ.

ಆಲ್ಬಂ ಹೊರಬರುವ ಮೊದಲೇ ಅವರು ಹೋದರು. ಆಸ್ಪತ್ರೆಯಲ್ಲಿ, ರಬ್ಬರಿನ ಹಾಸಿಗೆಯ ಮೇಲೆ. "ಯಾವ ಕತ್ತೆ ಮಾಡಿದ್ದೇ ಇದನ್ನ?" ಎಂದು ಹಿಂದಿನ ದಿನ ಬೈದಿದ್ದರು. ಆಮೇಲೆ ಮಾತಿಲ್ಲ.

ಆಲ್ಬಂ ಬಂತು. ಜನ ಒಪ್ಪಲಿಲ್ಲ. ನನ್ನ ತಮ್ಮ ಅಂಗಡಿಗೆ ಬಂದು, ಜನ ಬರೆದದ್ದನ್ನು ಫೋನಿನಲ್ಲಿ ಒಂದೊಂದಾಗಿ ಓದುತ್ತಿದ್ದ. ಓದಬೇಡ ಎಂದರೂ ಓದುತ್ತಿದ್ದ, ನೋಯುವ ಹಲ್ಲನ್ನು ನಾಲಗೆ ಬಿಡದ ಹಾಗೆ. ಮೊದಲ ಆಲ್ಬಮ್ಮಿನ ಬ್ಯಾಂಡ್ ಇದೇನಾ ಎಂದು ಒಬ್ಬರು. ಡ್ರಮ್ ಯಾವಾಗಲೂ ಹಿಂದೆ ಬೀಳುತ್ತದೆ ಎಂದು ಇನ್ನೊಬ್ಬರು. ಹಾಸಿಗೆ ಮೇಲೆ ಮಲಗಿಕೊಂಡು ಬಾರಿಸಿದ್ದಾನೆ ಎಂದು ಯಾರೋ ಹುಡುಗ ಬರೆದಿದ್ದ. ಅದನ್ನು ಓದಿದಾಗ ಇಬ್ಬರಿಗೂ ನಗು ಬಂತು, ಆಮೇಲೆ ನಿಂತಿತು. ಪತ್ರಿಕೆಯವರು ಮಾತ್ರ ಮರ್ಯಾದೆಯಾಗಿ ಬರೆದಿದ್ದರು: ಮೊದಲ ಆಲ್ಬಮ್ಮಿನ ದುಃಖಕ್ಕೆ ಬೆಳಕಿತ್ತು, ಇದಕ್ಕೆ ಕಿಟಕಿಯೇ ಇಲ್ಲ.

"ನಿಜ ತಾನೇ. ಆ ಕೋಣೆಗೆ ಕಿಟಕಿ ಎಲ್ಲಿದೆ?" ಎಂದೆ.

ತಿಂಗಳುಗಳು ಕಳೆದವು. ಅಂಗಡಿಯಲ್ಲಿ ಗವಸು ಮಾತ್ರ ಹೊಲಿಯುತ್ತಿದ್ದೆ. ಹತ್ತಿ ಬಡಿಯಲು ಕೂಲಿಯವನು ಬರುತ್ತಿದ್ದ, ಒಂದೇ ಸಮನೆ ಬಡಿಯುತ್ತಿದ್ದ. ನಾನು ಆ ಬಾಗಿಲು ಮುಚ್ಚಿಬಿಡುತ್ತಿದ್ದೆ. ಆಲ್ಬಂ ಕೇಳಿರಲಿಲ್ಲ. ಕೇಳಿದರೆ ಮುಗಿದುಹೋಗುತ್ತದೆ ಅನಿಸುತ್ತಿತ್ತು.

ಒಂದು ಮಧ್ಯಾಹ್ನ ತಮ್ಮ ಬಂದವನು ಫೋನ್ ತೆಗೆಯಲಿಲ್ಲ. ಮುರಿದ ಸ್ಟೂಲಿನ ಮೇಲೆ ಕೂತ. ಆಲ್ಬಂ ಹೊರತಂದ ಕಂಪನಿಯವರು ಇನ್ನೊಂದು ಸಲ ಬಿಡುತ್ತಾರಂತೆ, ಡ್ರಮ್ ಬದಲಾಯಿಸಿದರೆ. ಹೊಸ ಡ್ರಮ್ಮಿನವನು ಸಿಕ್ಕಿದ್ದಾನಂತೆ. ಹಾಡನ್ನೆಲ್ಲ ಮತ್ತೆ ಹಾಡಬೇಕಂತೆ. ನಮ್ಮ ಕೋಣೆಯಲ್ಲೇ ಉಳಿದ ದೊಡ್ಡ ಡ್ರಮ್ಮೂ ಬೇಕಂತೆ, ಒಳಗಿನ ಹತ್ತಿ ತೆಗೆದು.

"ನಿಮ್ಮ ಭಾವ?"

"ಹೆಸರು ಹಾಕ್ತೀವಿ ಅಕ್ಕ. ನೆನಪಿಗೆ ಅಂತ."

"ಬಾರಿಸಿದ್ದು?"

"ಹಾಸಿಗೆ ಬಿಚ್ಚಿ ಹೊಸದಾಗಿ ಹೊಲಿದ ಹಾಗೆ ಅಂದ್ಕೋ. ಬಟ್ಟೆ ಅದೇ ತಾನೇ?"

"ಹತ್ತಿ ಬೇರೆ."

ಅವನು ಸ್ಟೂಲಿನಿಂದ ಏಳಹೊರಟ.

"ಆಲ್ಬಂ ಹಾಕು, ಕೇಳ್ತೀನಿ" ಎಂದೆ.

ಫೋನನ್ನು ಕತ್ತರಿಯ ಪಕ್ಕ ಇಟ್ಟ. ನನಗೆ ಸಂಗೀತ ತಿಳಿಯುವುದಿಲ್ಲ. ಜನ ಹೇಳಿದ್ದು ಸರಿಯೇ ಅನಿಸಿತು. ಡ್ರಮ್ಮು ಗೋಡೆಯಾಚೆಯಿಂದ ಯಾರೋ ದಿಂಬು ಗುದ್ದಿದ ಹಾಗೆ ಕೇಳುತ್ತಿತ್ತು. ಒಂದಾದ ಮೇಲೊಂದು ಹಾಡು, ಎಲ್ಲವೂ ಎಳೆದಾಟ. ಕೊನೆಯ ಹಾಡಿನಲ್ಲಿ ತಮ್ಮ ಒಂದು ಸಾಲು ಹಾಡಿ ನಿಲ್ಲುತ್ತಾನೆ. ಗಿಟಾರುಗಳೂ ನಿಲ್ಲುತ್ತವೆ. ಏನೂ ಇಲ್ಲ. ಫೋನು ಕೆಟ್ಟಿತೇನೋ ಅಂದುಕೊಂಡೆ. ಆಮೇಲೆ ಧುಪ್. ಅದಾದ ಮೇಲೇ ಎಲ್ಲರೂ ಮುಂದಕ್ಕೆ. ಮತ್ತೊಂದು ಸಾಲು, ಮತ್ತೆ ಹಾಗೇ.

"ಇಲ್ಲಿ ಯಾಕೋ ನಿಂತಿದ್ದೀಯ?"

"ಭಾವ ಉಸಿರು ತಗೋಬೇಕಿತ್ತಲ್ಲ."

"ನೀನು ಕಾಯ್ತಿದ್ದೆಯಾ?"

"ಇಬ್ರೂ ಕಾಯ್ತಿದ್ವಿ. ಮೊದಲು ಭಾವನಿಗೆ ಗೊತ್ತಾಗ್ಲಿಲ್ಲ. ಗೊತ್ತಾದ ಮೇಲೆ ಬೈದ್ರು. 'ಏನ್ರೋ, ನಾನೇನು ಮದುವಣಗಿತ್ತಿನಾ, ದಾರಿ ಕಾಯೋಕೆ?' ಅಂದ್ರು." ಅಳುವ ಹಾಡು ಹಾಡುವವನು ಅತ್ತಿದ್ದನ್ನು ನಾನು ನೋಡಿದ್ದು ಆವತ್ತೇ.

"ನಾನು ಬೇಡ ಅಂದ್ರೆ?"

"ಬಿಟ್ಬಿಡ್ತೀನಿ."

"ಬಿಟ್ರೆ ನಿಮ್ಮ ಬ್ಯಾಂಡು?"

"ಮುಚ್ಕೊಂಡು ಬೇರೆ ಕೆಲಸ ನೋಡೋದು. ಉದ್ದಣ್ಣ ಆಗ್ಲೇ ನೋಡ್ತಿದ್ದಾನೆ."

ಹೊಲಿಯುತ್ತಿದ್ದ ಗವಸನ್ನು ಮಡಚಿಟ್ಟೆ. ಸತ್ತವರನ್ನು ಉಳಿಸಿಕೊಳ್ಳಲು ಬದುಕಿರುವವನ ಬಾಯಿ ಮುಚ್ಚಿಸಬೇಕಾ? ಅದೂ ಆಗುವುದಿಲ್ಲ. ಅವರನ್ನು ಪೂರ್ತಿ ತೆಗೆದು ಹಾಕು ಅನ್ನಲೂ ಬಾಯಿ ಬರುವುದಿಲ್ಲ.

"ಮಾಡ್ಕೋ" ಎಂದೆ. "ಕೊನೇದನ್ನ ಮುಟ್ಟಬೇಡ."

"ಅಕ್ಕ, ಎಲ್ಲಕ್ಕಿಂತ ಹೆಚ್ಚು ಬೈಸಿಕೊಂಡಿರೋದೇ ಅದು. ಕಂಪನಿಯವರು ಕೇಳಲ್ಲ."

"ಹಾಸಿಗೆ ಮಾತು ತೆಗೆದವನು ನೀನು. ನಿಮ್ಮ ಭಾವ ಹೊಸ ಹಾಸಿಗೆ ಹೇಗೆ ಹೊಲೀತಿದ್ರು?"

ಅವನಿಗೆ ಗೊತ್ತಿತ್ತು. ಅವನ ಸ್ವಂತ ಹಾಸಿಗೆಯನ್ನೂ ಅವರೇ ಬಿಚ್ಚಿ ಹೊಲಿದು ಕೊಟ್ಟಿದ್ದರು. "ಒಂದು ಹಿಡಿ ಹಳೇದು" ಎಂದ.

"ಹೂಂ. ಹೋಗಿ ಹೇಳು."

ಹೇಳಿದನಂತೆ. ವಾದ ಆಯಿತಂತೆ. ಕೊನೆಗೆ ಕಂಪನಿಯವರೇ "ಹೋಗ್ಲಿ, ಕೊನೇ ಹಾಡಿನವರೆಗೂ ಯಾರು ಕೇಳ್ತಾರೆ, ಇರ್ಲಿ ಬಿಡಿ" ಅಂದರಂತೆ.

ಡ್ರಮ್ಮಿನ ಗವಸು ನಾನೇ ಬಿಚ್ಚಿದೆ. ಅವರ ಹೊಲಿಗೆ ಗಟ್ಟಿ, ಬ್ಲೇಡು ಬೇಕಾಯಿತು. ಹತ್ತಿ ಒಳಗೆ ಒತ್ತಿ ಒತ್ತಿ ಗಂಟಾಗಿತ್ತು. ಕೂಲಿಯವನು ಬಡಿಯಲು ಕೈ ಹಾಕಿದ. ಬೇಡ ಎಂದೆ. ಅದು ಮೂಲೆಯಲ್ಲಿ ಹಾಗೇ ಇದೆ.

ಹೊಸದಾಗಿ ಬಂದ ಆಲ್ಬಂ ಜನಕ್ಕೆ ಹಿಡಿಸಿತು. ಈಗ ಸರಿಯಾಯಿತು ಎಂದು ಬರೆದರು. ಮತ್ತೆ ಹಾಲ್ ತುಂಬುತ್ತದಂತೆ, ಕಣ್ಣು ಮುಚ್ಚಿ ನಿಲ್ಲುತ್ತಾರಂತೆ. ಕೊನೆಯ ಹಾಡಿನ ಬಗ್ಗೆ ಹೆಚ್ಚಿನವರು ಏನೂ ಬರೆಯಲಿಲ್ಲ. ರೆಕಾರ್ಡಿಂಗ್ ಅಲ್ಲಿ ಕೆಟ್ಟಿದೆ, ಗಮನಿಸಿ ಎಂದು ಒಬ್ಬರು. ತಮ್ಮ ಈಗ ಊರೂರು ತಿರುಗುತ್ತಾನೆ, ಬರುವುದು ಕಡಿಮೆ. ಬಂದರೆ ಓದಿ ಹೇಳುವುದಿಲ್ಲ. ಒಳ್ಳೆಯದನ್ನು ಓದುವ ಅಭ್ಯಾಸ ಅವನಿಗಿಲ್ಲ.

ಸಂಜೆ ಕೂಲಿಯವನು ಹೋದ ಮೇಲೆ ಅಂಗಡಿಯ ಬಾಗಿಲು ಅರ್ಧ ಎಳೆದು ಆಲ್ಬಂ ಹಾಕುತ್ತೇನೆ. ಮೊದಲಿನಿಂದಲೇ ಹಾಕುತ್ತೇನೆ. ಹೊಸಬ ಚೆನ್ನಾಗಿ ಬಾರಿಸುತ್ತಾನೆ, ಎಲ್ಲೂ ಹಿಂದೆ ಬೀಳುವುದಿಲ್ಲ, ಅವನ ಮೇಲೆ ನನಗೆ ಸಿಟ್ಟಿಲ್ಲ. ನೇರವಾಗಿ ಕೊನೆಗೆ ಹೋಗಬಹುದು, ತಮ್ಮ ತೋರಿಸಿಕೊಟ್ಟಿದ್ದಾನೆ. ಹೋಗುವುದಿಲ್ಲ. ಅವರು ಊಟಕ್ಕೂ ತಡವಾಗಿಯೇ ಬರುತ್ತಿದ್ದವರು. ಕರೆದರೆ "ಬಂದೆ" ಅನ್ನುವುದು, ಬರದೇ ಇರುವುದು.

ಕೊನೆಯ ಹಾಡು ಬರುತ್ತದೆ. ತಮ್ಮ ಒಂದು ಸಾಲು ಹಾಡಿ ನಿಲ್ಲುತ್ತಾನೆ. ನಾನೂ ಹೊಲಿಗೆ ಯಂತ್ರದ ಚಕ್ರಕ್ಕೆ ಕೈ ಕೊಟ್ಟು ನಿಲ್ಲಿಸುತ್ತೇನೆ.

ಧುಪ್.

ಮುಗಿದ ಮೇಲೆ ಯಂತ್ರಕ್ಕೆ ಬಟ್ಟೆ ಹೊದಿಸಿ, ದೀಪ ಆರಿಸಿ ಮಹಡಿಗೆ ಹೋಗುತ್ತೇನೆ. ಒಬ್ಬಳಿಗೆ ಎಷ್ಟು ಬೇಕೋ ಅಷ್ಟು ಬೇಯಿಸುವುದು ನನಗೆ ಇನ್ನೂ ಬಂದಿಲ್ಲ.